'ಇಫ್' ಇಲ್ಲದೆ 'ವುಡ್' ಯಾಕೆ ಬರುತ್ತದೆ? ಆಫೀಸ್ ಇಂಗ್ಲಿಷ್ ಬಲ್ಲವರು ದಯವಿಟ್ಟು ಹೇಳಿ

ತಿಪಟೂರಿನವಳು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಕುಂದಲಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಸಿಗುತ್ತದೆ. ಮೂರು ದಿನದಿಂದ ಆ ಹೊತ್ತಿನಲ್ಲೇ ಇದನ್ನು ಟೈಪ್ ಮಾಡಿದ್ದೇನೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಬೆರಳು ತಾಗಿ ಒಂದೆರಡು ಸಾಲು ಅಳಿಸಿಹೋಗಿವೆ. ತಲೆಬುಡ ಗೊತ್ತಾಗದಿದ್ದರೆ ಕೇಳಿ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಈಗ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಕ್ಲೈಂಟ್ ಇಂಗ್ಲೆಂಡಿನವರು. ಅವರಿಗೆ ಬರುವ ಬಿಲ್ಲುಗಳನ್ನು ನಾವು ಇಲ್ಲಿ ಕೂತು ನೋಡಿ, ಎಂಟ್ರಿ ಹಾಕಿ, ಪೇಮೆಂಟಿಗೆ ಕಳಿಸುತ್ತೇವೆ. ಲೆಕ್ಕದ ವಿಷಯದಲ್ಲಿ ನನಗೆ ಭಯ ಇಲ್ಲ. ಗ್ರಾಮರ್ ಕೂಡ ಪರವಾಗಿಲ್ಲ. 'ಇಫ್ ಐ ವರ್ ಎ ಬರ್ಡ್, ಐ ವುಡ್ ಫ್ಲೈ' ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವಳೇ. ಆ ಹಕ್ಕಿ ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್ ಕೊಟ್ಟು ಹಾರಿಹೋಯಿತು.

ನನಗೆ ಕಾಟ ಕೊಡುತ್ತಿರುವುದು ಇಫ್ ಇಲ್ಲದ ವುಡ್. 'ಐ ವುಡ್ ಸೇ', 'ಐ ವುಡ್ ಥಿಂಕ್', 'ಇಟ್ ವುಡ್ ಸೀಮ್', 'ಐ ವುಡ್ ಹ್ಯಾವ್ ಥಾಟ್'. ಕ್ಲೈಂಟ್ ಕಡೆಯವರು ಬಾಯಿ ಬಿಟ್ಟರೆ ಇವೇ. ಹೇಳುತ್ತೇನೆ ಅಂತಲೋ, ಹೇಳುತ್ತಿದ್ದೆ ಅಂತಲೋ? ಹೇಳುತ್ತಿದ್ದೆ ಅಂದರೆ ಈಗ ಯಾಕೆ ಹೇಳುತ್ತಿದ್ದಾರೆ?

ಮೂರು ಸಲ ಪೆಟ್ಟು ತಿಂದಿದ್ದೇನೆ.

ಮೊದಲನೆಯದು ಹೋದ ವರ್ಷ. ಅಲ್ಲಿನ ಮೇಡಂ ಒಬ್ಬರು 'ಯೂ ಮೈಟ್ ವಾಂಟ್ ಟು ಲುಕ್ ಅಟ್ ಲೈನ್ 42' ಅಂತ ಮೇಲ್ ಹಾಕಿದರು. ನೋಡಬೇಕು ಅನ್ನಿಸಿದರೆ ನೋಡು ಅಂತ ನಾನು ತಿಳಿದುಕೊಂಡೆ. ನೋಡಿದೆ. ಮೊತ್ತ ಸರಿಯಾಗಿತ್ತು. 'ಥ್ಯಾಂಕ್ಸ್, ನೋಟೆಡ್' ಅಂತ ಉತ್ತರ ಕಳಿಸಿ ಊಟಕ್ಕೆ ಹೋದೆ. ಎರಡು ದಿನ ಬಿಟ್ಟು ಟೀಮ್ ಲೀಡ್ ಕರೆದರು. "ಅವ್ರು ಹೇಳಿದ್ದು ಸರಿ ಮಾಡು ಅಂತ ಕಣಮ್ಮ, ದರ್ಶನ ಮಾಡು ಅಂತ ಅಲ್ಲ." ತಪ್ಪಿದ್ದದ್ದು ಪಕ್ಕದ ಕಾಲಮ್ಮಿನ ಟ್ಯಾಕ್ಸ್ ಕೋಡ್.

ಎರಡನೆಯದು, ನಾನೇ ಬುದ್ಧಿವಂತಿಕೆ ತೋರಿಸಲು ಹೋಗಿದ್ದು. ವಿಲ್ ಅಂದರೆ ಒರಟು, ವುಡ್ ಅಂದರೆ ಮರ್ಯಾದೆ ಅಂತ ಯಾರೋ ಹೇಳಿದ್ದರು. 'ಐ ವುಡ್ ಸೆಂಡ್ ದಿ ರಿಪೋರ್ಟ್ ಬೈ ಫ್ರೈಡೇ' ಅಂತ ಬರೆದೆ. ಆ ಕಡೆಯಿಂದ, ಅದಕ್ಕೆ ನಮ್ಮಿಂದ ಏನು ಬೇಕು ಅಂತ ಪ್ರಶ್ನೆ ಬಂತು. ನನಗೇನೂ ಬೇಡ! ನಾನು ಶುಕ್ರವಾರ ಕಳಿಸುತ್ತೇನೆ ಅಂದೆ, ಅಷ್ಟೇ. ಇದಕ್ಕೆ ನಾಲ್ಕು ಮೇಲ್ ಓಡಾಡಿತು.

ಮೂರನೆಯದು ನಿಜವಾಗಿ ನೋವು ಕೊಟ್ಟದ್ದು. ಒಂದೇ ಬಿಲ್ಲು ಎರಡು ಸಲ ಎಂಟ್ರಿ ಆಗಿತ್ತು. 4,860 ಪೌಂಡ್. ಬಿಲ್ ನಂಬರಿನ ಕೊನೆಯಲ್ಲಿ ಒಂದರಲ್ಲಿ ಅಡ್ಡಗೆರೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದಕ್ಕೇ ಸಿಸ್ಟಮ್ ಹಿಡಿದಿರಲಿಲ್ಲ. ನಾನು ಹಿಡಿದೆ. ಆದರೆ ಮೊದಲೇ ಎರಡು ಸಲ ಪೆಟ್ಟು ತಿಂದಿದ್ದೆ ನೋಡಿ, ನಯವಾಗಿ ಬರೆಯೋಣ ಅಂತ ಹೀಗೆ ಬರೆದೆ: 'ಐ ವುಡ್ ಫೀಲ್ ದೇರ್ ಕುಡ್ ಪರ್‌ಹ್ಯಾಪ್ಸ್ ಬಿ ಎ ಪಾಸಿಬಲ್ ಡುಪ್ಲಿಕೇಟ್ ಹಿಯರ್.' ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದುಡ್ಡು ಎರಡು ಸಲ ಹೋಯಿತು. ಆಮೇಲೆ ಕಾಲ್‌ನಲ್ಲಿ, ಯಾಕೆ ಹೇಳಲಿಲ್ಲ ಅಂತ ನನ್ನನ್ನೇ ಕೇಳಿದರು. ಹೇಳಿದ್ದೆ ಅಂತ ಮೇಲ್ ತೆಗೆದು ತೋರಿಸಿದೆ. ಓದಿ ಎಲ್ಲರೂ ಸುಮ್ಮನಾದರು. ಒಬ್ಬರು ಮಾತ್ರ, ಇದು ಹೇಳಿದ ಹಾಗಿಲ್ಲ, ಕನಸು ಕಂಡ ಹಾಗಿದೆ ಅಂದರು. ನಗು ಬಂತು. ಮನೆಗೆ ಬಂದ ಮೇಲೆ ಅಳುವೂ ಬಂತು.

ಅವರು ವುಡ್ ಹಾಕಿದರೆ ಅಪ್ಪಣೆ. ನಾನು ವುಡ್ ಹಾಕಿದರೆ ಕನಸು. ಇದು ಹೇಗೆ? ಪುಸ್ತಕದ ಹೆಸರು ಬೇಡ, ಕೋರ್ಸ್ ಲಿಂಕ್ ಬೇಡ. ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿ.


ಕೋಡ್ ಕುಟ್ಟುವವನು:

ನೀವು ಒಬ್ಬರೇ ಅಲ್ಲ. ನನ್ನ ಕಥೆಯೂ ಸೇರಿಸಿಕೊಳ್ಳಿ.

ಕೆಲಸಕ್ಕೆ ಸೇರಿದ ಹೊಸತು. ನನ್ನ ಕೋಡ್ ನೋಡಿದ ಅಮೆರಿಕದ ರಿವ್ಯೂಯರ್ 'ಐ ವುಡ್ ರೀನೇಮ್ ದಿಸ್' ಅಂತ ಬರೆದ. ಅವನಾಗಿದ್ದರೆ ಹೆಸರು ಬದಲಾಯಿಸುತ್ತಿದ್ದನಂತೆ. ಸರಿ, ಅವನ ಇಷ್ಟ. ನಾನು ಅವನಲ್ಲವಲ್ಲ! ಹಾಗೇ ಬಿಟ್ಟೆ. ಮೂರು ದಿನ ಅಪ್ರೂವಲ್ ಬರಲಿಲ್ಲ. ಯಾಕೆ ಅಂತ ಕೇಳಿದರೆ 'ವೇಯ್ಟಿಂಗ್ ಫಾರ್ ಯುವರ್ ಚೇಂಜಸ್' ಅಂದ.

ನಮ್ಮ ಸಾಫ್ಟ್‌ವೇರ್‌ನವರು ಈ ಗೊಂದಲಕ್ಕೆ ಒಂದು ಕಡೆ ಬೇಲಿ ಹಾಕಿದ್ದಾರೆ. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. 1997ರಲ್ಲಿ ಬಂದ ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆಯ ಕೆಲಸವೇ ಇದು: ಮಸ್ಟ್ ಅಂದರೆ ಎಷ್ಟು ಗಟ್ಟಿ, ಶುಡ್ ಅಂದರೆ ಎಷ್ಟು, ಮೇ ಅಂದರೆ ಎಷ್ಟು ಅಂತ ಹೇಳುವುದು. ಮಸ್ಟ್ ಅಂದರೆ ಮಾಡಲೇಬೇಕು. ಮೇ ಅಂದರೆ ನಿಮ್ಮಿಷ್ಟ. ಮಧ್ಯದ ಶುಡ್ ನೋಡಿ, ಮಜಾ ಇದೆ. ಸರಿಯಾದ ಕಾರಣ ಇದ್ದರೆ ಬಿಡಬಹುದು, ಆದರೆ ಬಿಟ್ಟರೆ ಏನಾಗುತ್ತದೆ ಅಂತ ಪೂರ್ತಿ ತಿಳಿದುಕೊಂಡು ಬಿಡಬೇಕು. ಆಮೇಲೂ ಜಗಳ ನಿಲ್ಲಲಿಲ್ಲ ಅನ್ಸುತ್ತೆ. ಈ ಅರ್ಥ ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಅಂತ ಹೇಳಲು 2017ರಲ್ಲಿ ಇನ್ನೊಂದು ಆರ್‌ಎಫ್‌ಸಿ ತಂದರು, 8174. ಇಂಗ್ಲಿಷ್ ಗೊತ್ತಿರುವವರಿಗೇ ಇಷ್ಟು ಕಷ್ಟ.

ಆ ಪಟ್ಟಿಯಲ್ಲಿ ವುಡ್ ಇಲ್ಲವೇ ಇಲ್ಲ. ನನ್ನ ಮಟ್ಟಿಗೆ ಅದೇ ಉತ್ತರ. ಕೆಲಸ ಆಗಬೇಕಿದ್ದರೆ ವುಡ್ ಬೇಡ. ನಾನು ರಿವ್ಯೂ ಬರೆಯುವಾಗ ಸಣ್ಣ ವಿಷಯ ಇದ್ದರೆ ಮುಂದೆ 'ನಿಟ್' ಅಂತ ಹಾಕುತ್ತೇನೆ, ಸರಿ ಮಾಡದೆ ಬಿಡುವುದಿಲ್ಲ ಅಂತಿದ್ದರೆ 'ಬ್ಲಾಕಿಂಗ್' ಅಂತ ಹಾಕುತ್ತೇನೆ. ಮುಗೀತು.


ನೇರಮಾತು:

ಇದೆಲ್ಲ ಇಂಗ್ಲಿಷರ ನಾಟಕ. ಮನಸ್ಸಲ್ಲಿ ಒಂದು, ಬಾಯಲ್ಲಿ ಒಂದು. ನಾವು ಕನ್ನಡದವರು ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ತಪ್ಪು ಅಂದರೆ ತಪ್ಪು. ಅವರ ಹಾಗೆ ನುಲಿಯೋದನ್ನು ನಾವ್ಯಾಕೆ ಕಲಿಯಬೇಕು?


ಹನುಮಂತನಗರದ ಸೊಸೆ:

ನೇರಮಾತು ಅವರೇ, ನೀವು ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿ ಇದ್ದಿಲ್ಲ ಅನ್ಸುತ್ತೆ.

ನಮ್ಮ ಓನರ್ ಅಂಕಲ್ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಂದು ಹೇಳುವುದು ಹೀಗೆ: "ಗಾಡಿ ಸ್ವಲ್ಪ ಆ ಕಡೆ ನಿಲ್ಸಿದ್ರೆ ಚೆನ್ನಾಗಿರ್ತಿತ್ತು." ಚೆನ್ನಾಗಿರ್ತಿತ್ತಂತೆ! ನಾನು 'ಹೌದು ಅಂಕಲ್, ಚೆನ್ನಾಗಿರ್ತಿತ್ತು' ಅಂತ ಒಪ್ಪಿಕೊಂಡು ಒಳಗೆ ಹೋದರೆ ಏನಾಗುತ್ತದೆ ಹೇಳಿ? ಸಂಜೆಗೆ ನೀರಿನ ಮೋಟರ್ ಕೆಟ್ಟಿರುತ್ತದೆ.

ಇನ್ನು ನಮ್ಮತ್ತೆ. ಸಾರು ಬಾಯಿಗಿಟ್ಟುಕೊಂಡು ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ, "ಉಪ್ಪು ಒಂಚೂರು ಮುಂದಾಗಿದೆಯೇನೋ... ನನ್ನ ಬಾಯೇ ಸರಿ ಇಲ್ವೋ ಏನೋ." ಅವರ ಬಾಯಿ ಚೆನ್ನಾಗಿಯೇ ಇದೆ. ಸಾರು ಚೆಲ್ಲು ಅಂತ ಅರ್ಥ. ಮದುವೆಯಾದ ಹೊಸತರಲ್ಲಿ ನಾನು ಪಾಪ, ಅವರಿಗೆ ಜ್ವರ ಇರಬೇಕು ಅಂತ ಹಣೆ ಮುಟ್ಟಿ ನೋಡಿದ್ದೆ.

ನುಲಿಯೋದು ನಮಗೆ ಯಾರೂ ಕಲಿಸಬೇಕಾಗಿಲ್ಲ.


ಬಸವನಗುಡಿ ಮೇಷ್ಟ್ರು:

ಓನರ್ ಅಂಕಲ್ ವಾಕ್ಯ ಓದಿ ಕೂತಲ್ಲೇ ಚಪ್ಪಾಳೆ ತಟ್ಟಿದೆ. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು ನಾನು. ಆ ಹಕ್ಕಿ ಹಾರಿಸಿದ ಪಾಪದಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ತಿಪಟೂರಿನ ಅಮ್ಮಾ, ಇಫ್ ಇಲ್ಲದ ವುಡ್ ಅನ್ನುವುದು ಇಲ್ಲ. ಇಫ್ ಇರುತ್ತದೆ, ಅವರು ನುಂಗಿಕೊಂಡಿರುತ್ತಾರೆ. 'ಐ ವುಡ್ ಸೇ' ಅನ್ನುವುದರ ಹಿಂದೆ 'ನನ್ನನ್ನು ಕೇಳಿದರೆ' ಅನ್ನುವ ಮಾತು ಅಡಗಿದೆ. ಈಗ ಕನ್ನಡದಲ್ಲಿ ಏನಂತೀವಿ ನೋಡಿ: "ನನ್ನ ಕೇಳಿದ್ರೆ, ಬೇಡ." ನಾವು ಇಫ್ ಇಟ್ಟುಕೊಂಡು ವುಡ್ ಬಿಟ್ಟೆವು. ಅವರು ವುಡ್ ಇಟ್ಟುಕೊಂಡು ಇಫ್ ಬಿಟ್ಟರು. ಒಂದೇ ರೊಟ್ಟಿಯ ಎರಡು ಅರ್ಧ. ಅದಕ್ಕೇ ನಿಮಗೆ ಅವರ ಅರ್ಧ ವಿಚಿತ್ರವಾಗಿ ಕಾಣುತ್ತದೆ. ಮುಂದಿನ ಸಲ ಐ ವುಡ್ ಸೇ ಅಂತ ಕೇಳಿಸಿದರೆ ಮನಸ್ಸಿನಲ್ಲಿ 'ನನ್ನ ಕೇಳಿದ್ರೆ' ಅಂತ ಓದಿಕೊಳ್ಳಿ. ಹೇಳುತ್ತೇನೆಯೋ ಹೇಳುತ್ತಿದ್ದೆಯೋ ಅನ್ನುವ ತೊಡಕೇ ಬರುವುದಿಲ್ಲ.

ಇನ್ನೂ ಒಂದು ಇದೆ. ವುಡ್ ಅನ್ನುವುದು ಹುಟ್ಟಿನಲ್ಲಿ ವಿಲ್‌ನ ಭೂತಕಾಲ. ಕ್ಯಾನ್‌ಗೆ ಕುಡ್, ಶಲ್‌ಗೆ ಶುಡ್, ಮೇಗೆ ಮೈಟ್. (ಕುಡ್ ಬರೆಯುವಾಗ ನಡುವೆ ಒಂದು ಎಲ್ ಬರುತ್ತದಲ್ಲ, ಅದು ಮೊದಲು ಇರಲೇ ಇಲ್ಲ. ವುಡ್, ಶುಡ್ ನೋಡಿ ಅದಕ್ಕೂ ಅಂಟಿಸಿದರು. ಮಕ್ಕಳು ಬಿಟ್ಟು ಬರೆದಾಗ ಎಷ್ಟು ಮಾರ್ಕ್ಸ್ ಕಳೆದಿದ್ದೇನೋ!) ಭೂತಕಾಲ ಅಂದರೆ ದೂರ. ನಿನ್ನೆ ಇವತ್ತಿನಿಂದ ದೂರ. ಅದೇ ದೂರವನ್ನು ಮಾತು ತಗ್ಗಿಸುವುದಕ್ಕೂ ಬಳಸಿಕೊಳ್ಳುತ್ತಾರೆ. ನಾನು ಹೀಗೆ ಅನ್ನುತ್ತೇನೆ, ಆದರೆ ಮೈಮೇಲೆ ಬಿದ್ದು ಅನ್ನುವುದಿಲ್ಲ, ನಾಲ್ಕು ಹೆಜ್ಜೆ ಹಿಂದೆ ನಿಂತು ಅನ್ನುತ್ತೇನೆ ಅಂತ.

ಇದು ಅವರ ಸ್ವತ್ತೇನೂ ಅಲ್ಲ. ಅಂಗಡಿಗೆ ಹೋಗಿ ನಾವು ಏನಂತೀವಿ? "ಐನೂರಕ್ಕೆ ಚಿಲ್ಲರೆ ಬೇಕಿತ್ತು." ನಿನ್ನೆ ಬೇಕಿತ್ತಾ? ಈಗ, ಇಲ್ಲೇ ಬೇಕು. ಆದರೂ ಬೇಕು ಅನ್ನುವುದಿಲ್ಲ, ಬೇಕಿತ್ತು ಅನ್ನುತ್ತೇವೆ. ಆಫೀಸಿನಲ್ಲಿ ಸಾಹೇಬರ ಬಾಗಿಲ ಹತ್ತಿರ ನಿಂತು "ಸರ್, ಒಂದು ಮಾತು ಕೇಳ್ಬೇಕಾಗಿತ್ತು" ಅನ್ನುತ್ತೇವೆ. ಇನ್ನೂ ಕೇಳಿಯೇ ಇಲ್ಲ, ಆಗಲೇ ಭೂತಕಾಲ. ಇಂಗ್ಲಿಷಿನವರು 'ಐ ವಾಂಟೆಡ್ ಟು ಆಸ್ಕ್' ಅನ್ನುವುದೂ ಇದೇ.

ಇದಕ್ಕಿಂತ ಸೋಜಿಗ ಹೇಳುತ್ತೇನೆ. 'ಚಿಕ್ಕವನಿದ್ದಾಗ ಲಾಲ್‌ಬಾಗಿಗೆ ನಡೆದೇ ಹೋಗ್ತಿದ್ದೆ.' 'ನಾನಾಗಿದ್ರೆ ಲಾಲ್‌ಬಾಗಿಗೆ ನಡೆದೇ ಹೋಗ್ತಿದ್ದೆ.' ಎರಡರಲ್ಲೂ ಅದೇ 'ಹೋಗ್ತಿದ್ದೆ'. ಒಂದು ಹಳೇ ಅಭ್ಯಾಸ, ಇನ್ನೊಂದು ನಡೆಯದೇ ಇರುವ ಊಹೆ. ಇಂಗ್ಲಿಷಿನ ವುಡ್ ಕೂಡ ಈ ಎರಡೂ ಕೆಲಸ ಮಾಡುತ್ತದೆ. ಎರಡು ಭಾಷೆಗೂ ಸಂಬಂಧವೇ ಇಲ್ಲ. ಆದರೂ ಒಂದೇ ಜೇಬಿನಲ್ಲಿ ಎರಡನ್ನೂ ಇಟ್ಟುಕೊಂಡಿವೆ. ಮೂವತ್ತು ವರ್ಷ ಪಾಠ ಮಾಡಿದೆ, ಇದು ಕಣ್ಣಿಗೆ ಬಿದ್ದದ್ದು ರಿಟೈರ್ ಆದ ಮೇಲೆ, ಡಿವಿಜಿ ರಸ್ತೆಯಲ್ಲಿ ಹೂವು ತೆಗೆದುಕೊಳ್ಳುತ್ತಾ ನಿಂತಿದ್ದಾಗ. ಹೂವಿನಾಕೆ ಪಕ್ಕದವಳಿಗೆ "ನಾನಾಗಿದ್ರೆ ಆ ರೇಟ್‌ಗೆ ಕೊಡ್ತಿರ್ಲಿಲ್ಲ" ಅಂದಳು. ಪೂರ್ತಿ ಪಾಠ ಅಷ್ಟರಲ್ಲೇ ಇತ್ತು.

ಈಗ ನಿಮ್ಮ ಮೂರು ಪೆಟ್ಟಿಗೆ ಬರುತ್ತೇನೆ.

42ನೇ ಸಾಲು: 'ಯೂ ಮೈಟ್ ವಾಂಟ್ ಟು' ಅಂದರೆ ಓನರ್ ಅಂಕಲ್ ಗಾಡಿ ವಾಕ್ಯ. ಯಾರು ಹೇಳುತ್ತಿದ್ದಾರೆ ನೋಡಿ ಅರ್ಥ ಮಾಡಿಕೊಳ್ಳಬೇಕು. ಕೆಲಸ ಒಪ್ಪಿಸಿಕೊಳ್ಳುವವರು ಹೇಳಿದರೆ, ಮಾಡಿ ಅಂತಲೇ.

ಶುಕ್ರವಾರದ ರಿಪೋರ್ಟು: ಇದು ನಮ್ಮ ದೇಶದ ಇಂಗ್ಲಿಷಿನ ರೂಢಿ. 'ದಿ ಮೀಟಿಂಗ್ ವುಡ್ ಬಿ ಹೆಲ್ಡ್ ಅಟ್ 3 ಪಿಎಂ' ಅಂತ ನೋಟಿಸ್ ಬೋರ್ಡಿನಲ್ಲಿ ನಾವೆಲ್ಲ ಓದಿಲ್ವಾ? ವುಡ್ ಅಂದರೆ ಬಿಳಿ ಪಂಚೆ ಉಟ್ಟುಕೊಂಡ ವಿಲ್ ಅಂತ ತಿಳಿದಿದ್ದೇವೆ. ಇಂಗ್ಲೆಂಡಿನವರ ಕಿವಿಗೆ ಅದು ಅರ್ಧ ವಾಕ್ಯ. ಕಳಿಸುತ್ತಿದ್ದೆ... ಆದರೆ? ಉಳಿದರ್ಧಕ್ಕೆ ಕಾಯುತ್ತಾರೆ. ಮಾತು ಕೊಡುವಾಗ ವಿಲ್ಲೇ ಮರ್ಯಾದೆ.

4,860 ಪೌಂಡ್: ಇಲ್ಲಿ ನೀವು ವುಡ್, ಕುಡ್, ಪರ್‌ಹ್ಯಾಪ್ಸ್, ಪಾಸಿಬಲ್ ನಾಲ್ಕನ್ನೂ ಒಂದೇ ಸಾಲಿಗೆ ಸುರಿದಿದ್ದೀರಿ. ಅತ್ತೆಯ ಸಾರಿನ ಉಪ್ಪಿನ ಹಾಗಾಯಿತು. ಅದಿರಲಿ, ಅದಕ್ಕಿಂತ ದೊಡ್ಡ ತಪ್ಪು 'ಐ ವುಡ್ ಫೀಲ್'. ವುಡ್ ಹೊಂದುವುದು ಸೇ, ಥಿಂಕ್, ಸಜೆಸ್ಟ್, ಎಕ್ಸ್‌ಪೆಕ್ಟ್, ಪ್ರಿಫರ್ ಇಂಥವಕ್ಕೆ. ನನ್ನ ಕೇಳಿದರೆ ಹೀಗಂತೀನಿ ಅನ್ನಬಹುದು. ನನ್ನ ಕೇಳಿದರೆ ನನಗೆ ಅನ್ನಿಸುತ್ತಿತ್ತು ಅಂದರೆ? ಯಾರೂ ಕೇಳದಿದ್ದರೆ ಅನ್ನಿಸುವುದಿಲ್ಲವೇ? ಕನಸು ಕಂಡ ಹಾಗಿದೆ ಅಂದವರು ಕಟುವಾಗಿ ಹೇಳಿದರು, ಆದರೆ ಸುಳ್ಳು ಹೇಳಲಿಲ್ಲ.

ಉಳಿದದ್ದು ಆಮೇಲೆ ಬರೆಯುತ್ತೇನೆ. ಮನೆಯಲ್ಲಿ ಕಾಫಿಗೆ ಕರೆಯುತ್ತಿದ್ದಾರೆ. ಎರಡನೇ ಸಲ ಕರೆದರೆ ಅದು ವುಡ್ ಅಲ್ಲ, ಮಸ್ಟ್.


ತಿಪಟೂರಿನವಳು:

ಮೇಷ್ಟ್ರೇ, ನಮಸ್ಕಾರ. ಬೇಕಿತ್ತು ಓದಿದಾಗ ಮೆಟ್ರೋದಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ನಿಂತಿದ್ದವರು ನನ್ನ ಫೋನ್ ನೋಡಿದರು. ಇವತ್ತು ಬೆಳಿಗ್ಗೆಯಷ್ಟೇ ಸ್ಟೇಷನ್ ಕೌಂಟರಿನಲ್ಲಿ "ಕಾರ್ಡ್ ರೀಚಾರ್ಜ್ ಮಾಡ್ಬೇಕಿತ್ತು" ಅಂದಿದ್ದೆ. ಇಷ್ಟು ವರ್ಷದಿಂದ ಅನ್ನುತ್ತಿದ್ದೇನೆ, ಗೊತ್ತೇ ಆಗಿಲ್ಲ.

ಆದರೆ ಒಂದು ಅನುಮಾನ. ನಮ್ಮತ್ತೆ ಏನೋ ಅಂದರೆ ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಅವರು ಅತ್ತೆ. ಕ್ಲೈಂಟ್ ಮೇಡಂ ಮೈಟ್ ಅಂದರೆ ನನಗೆ ಗೊತ್ತಾಗಬೇಕು, ಯಾಕೆಂದರೆ ಅವರು ಕ್ಲೈಂಟ್. ಕೆಳಗಿರುವ ನಾನು ಮೈಟ್ ಅಂದರೆ ಮೇಲಿರುವವರಿಗೆ ಯಾಕೆ ಗೊತ್ತಾಗಬೇಕು? ಮೃದು ಮಾತು ಮೇಲಿಂದ ಕೆಳಕ್ಕೆ ಬಂದರೆ ಅಪ್ಪಣೆ, ಕೆಳಗಿಂದ ಮೇಲಕ್ಕೆ ಹೋದರೆ ಗಾಳಿ. ನನಗೆ ಕಾಣುವುದು ಇದು. ಗ್ರಾಮರ್ ಒಂದೇ ಅಲ್ಲ ಅಲ್ವಾ?

ಮತ್ತೆ 'ಐ ವುಡ್ ಹ್ಯಾವ್ ಥಾಟ್' ಬಗ್ಗೆ ಹೇಳಲೇ ಇಲ್ಲ ನೀವು.


ನೈಟ್ ಶಿಫ್ಟ್ ದೇವನಹಳ್ಳಿ:

ನಾನು ಏರ್‌ಪೋರ್ಟಿನಲ್ಲಿ ಗ್ರೌಂಡ್ ಕೆಲಸದವನು. ನೀವು ಈಗ ಕೇಳಿದ್ದಕ್ಕೆ ನಮ್ಮ ಟ್ರೈನಿಂಗಿನಲ್ಲಿ ಹೇಳಿದ್ದ ಒಂದು ಘಟನೆ ನೆನಪಾಯಿತು. ಒಂದು ಸಲ ಕೇಳಿದರೆ ಮರೆಯುವಂಥದ್ದಲ್ಲ.

1982ರ ಜನವರಿ 13, ವಾಷಿಂಗ್ಟನ್. ಹಿಮ ಬೀಳುತ್ತಿತ್ತು. ಏರ್ ಫ್ಲೋರಿಡಾ ಕಂಪನಿಯ 737 ಹೊರಟಿತ್ತು. ಇಂಜಿನ್ನಿನ ಐಸ್ ಕರಗಿಸುವ ವ್ಯವಸ್ಥೆ ಆನ್ ಮಾಡಿರಲಿಲ್ಲ. ಹಾಗಾಗಿ ಇಂಜಿನ್ ಎಷ್ಟು ಶಕ್ತಿ ಕೊಡುತ್ತಿದೆ ಅನ್ನುವ ಮೀಟರು ಸುಳ್ಳು ತೋರಿಸುತ್ತಿತ್ತು. ರನ್‌ವೇ ಮೇಲೆ ಓಡುವಾಗಲೇ ಕೋಪೈಲಟ್‌ಗೆ ಅನುಮಾನ ಬಂತು. ಅವನು ಅಂದದ್ದು, ಅದು ಸರಿ ಕಾಣ್ತಿಲ್ಲ, ಅಲ್ವಾ ಅಂತ. ಕ್ಯಾಪ್ಟನ್ ಸರಿ ಇದೆ ಅಂದ. ಇಲ್ಲ, ಸರಿ ಇಲ್ಲ ಅನ್ಸುತ್ತೆ ಅಂದ ಇವನು. ಆಮೇಲೆ ತಾನೇ ಹಿಂದೆ ಸರಿದು, ಇರಬಹುದೇನೋ ಅಂದ. ನಿಲ್ಲಿಸಿ ಅಂತ ಒಂದು ಸಲವೂ ಅನ್ನಲಿಲ್ಲ. ವಿಮಾನ ಮೇಲೇರಲಾಗದೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 74 ಜನ, ಸೇತುವೆ ಮೇಲಿದ್ದ 4 ಜನ ಸತ್ತರು.

ಇಬ್ಬರೂ ಅಮೆರಿಕದವರು, ಇಂಗ್ಲಿಷ್ ತಾಯಿನುಡಿ. ಭಾಷೆ ಬರಲಿಲ್ಲ ಅಂತ ಅಲ್ಲ. ತಿಪಟೂರಿನವರು ಹೇಳಿದ ಹಾಗೆ, ಕೆಳಗಿನವನು ಮೇಲಿನವನಿಗೆ ಹೇಳಬೇಕಿತ್ತು.

ವಿಮಾನ ಬಿದ್ದದ್ದು ಬರೀ ಆ ಒಂದು ಮಾತಿಂದ ಅಂತ ನಾನು ಹೇಳುತ್ತಿಲ್ಲ. ಹಿಮ, ರೆಕ್ಕೆ ಮೇಲಿನ ಐಸ್, ತಡ ಆಗಿದ್ದು, ಬೇಕಾದಷ್ಟು ಕಾರಣ ಇದ್ದವು. ಆದರೆ ನಮ್ಮಲ್ಲಿ ಟ್ರಾಲಿಗೆ ಬ್ರೇಕ್ ಹಾಕಿಲ್ಲ ಅಂತ ಕಂಡರೆ, ಎದುರಿಗೆ ಯಾರೇ ಇರಲಿ, 'ಸ್ಟಾಪ್' ಅಂತ ಕೂಗಬೇಕು ಅಂತ ಕಲಿಸುವುದು ಇದಕ್ಕೇ. ಸರ್ ಅಂತ ಆಮೇಲೆ ಸೇರಿಸಿಕೊಳ್ಳಿ ಅಂದಿದ್ದರು.


ನೇರಮಾತು:

ಅದನ್ನೇ ನಾನು ಹೇಳಿದ್ದು!


ಹನುಮಂತನಗರದ ಸೊಸೆ:

ಇಲ್ಲ, ನೀವು ಹೇಳಿದ್ದು ಬೇರೆ. ಬೆಂಕಿ ಬಿದ್ದಾಗ ಬೆಂಕಿ ಅನ್ನಬೇಕು ನಿಜ. ಉಪ್ಪು ಮುಂದಾದಾಗಲೂ ಬೆಂಕಿ ಬಿದ್ದ ಹಾಗೆ ಕೂಗಿದರೆ ಮನೆಯಲ್ಲಿ ಇರೋಕಾಗಲ್ಲ.


ಬಸವನಗುಡಿ ಮೇಷ್ಟ್ರು:

ಕಾಫಿ ಆಯಿತು.

ತಿಪಟೂರಿನ ಅಮ್ಮ ಹೇಳಿದ್ದು ಸರಿ. ನಾನು ಬರೆದದ್ದರಲ್ಲಿ ಅದು ಬಿಟ್ಟುಹೋಗಿತ್ತು. ವುಡ್ ಮೆತ್ತನೆ ದಿಂಬು. ದಿಂಬಿನ ಹಿಂದೆ ಗೋಡೆ ಇದ್ದರೆ ಒರಗಬಹುದು, ಗೋಡೆ ಇಲ್ಲದಿದ್ದರೆ ಹಿಂದಕ್ಕೆ ಬೀಳುತ್ತೀರಿ. ಕ್ಲೈಂಟ್ ಮೇಡಂಗೆ ಅವರ ಕುರ್ಚಿಯೇ ಗೋಡೆ. ನಿಮಗೆ ಗೋಡೆ ಯಾವುದು? ನಿಮ್ಮ ಲೆಕ್ಕ. ಎರಡು ಬಿಲ್ಲು, ಒಂದೇ ತಾರೀಕು, ಒಂದೇ ಮೊತ್ತ. ಇದರಲ್ಲಿ ನಿಮ್ಮ ಅಭಿಪ್ರಾಯ ಏನೂ ಇಲ್ಲ, ಕಣ್ಣಿಗೆ ಕಂಡದ್ದು. ಕಂಡದ್ದಕ್ಕೆ 'ಈಸ್' ಸಾಕು. ಏನು ಮಾಡಬೇಕು ಅನ್ನುವುದು ನಿಮ್ಮ ಸಲಹೆ. ಅಲ್ಲಿ ಬೇಕಿದ್ದರೆ ಒಂದು ವುಡ್ ಹಾಕಿ. ಒಂದೇ ಒಂದು.

ಕೋಡ್ ಕುಟ್ಟುವವರೇ, ವುಡ್ ಪೂರ್ತಿ ಬೇಡ ಅಂದಿರಿ. ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ನಿಟ್, ಬ್ಲಾಕಿಂಗ್ ಅಂತ ಚೀಟಿ ಅಂಟಿಸುವ ರೂಢಿ ಇದೆ, ನಡೆಯುತ್ತದೆ. ನಾನು ಎದುರುಮನೆ ಪ್ರೊಫೆಸರರ ಕವಿತೆ ಓದಿ 'ಬ್ಲಾಕಿಂಗ್' ಅಂತ ಬರೆದುಕೊಟ್ಟರೆ ಆಮೇಲೆ ಸಂಜೆ ವಾಕಿಂಗಿಗೆ ಯಾರು ಜೊತೆ?

'ಐ ವುಡ್ ಹ್ಯಾವ್ ಥಾಟ್': ಇದು ಸ್ವಲ್ಪ ಖಾರ. ನಾನು ಹಾಗೆ ಅಂದುಕೊಂಡಿದ್ದೆ, ನೀವು ನೋಡಿದರೆ ಬೇರೆ ಹೇಳುತ್ತಿದ್ದೀರಿ, ಆಶ್ಚರ್ಯ, ಅಂತ ಭಾವ. 'ಐ ವುಡ್ ಹ್ಯಾವ್ ಥಾಟ್ ಟೂ ಡೇಸ್ ವಾಸ್ ಇನಫ್' ಅಂದರೆ, ಎರಡು ದಿನ ಸಾಕಾಗಲಿಲ್ಲವೇ ನಿಮಗೆ ಅಂತ. ಒಪ್ಪಿಗೆ ಅಂದುಕೊಳ್ಳಬೇಡಿ. 'ಐ ವುಡ್ ಹೋಪ್ ಸೋ' ಕೂಡ ಹಾಗೇ. ಮುಗಿಸಿದ್ದೀಯಾ ಅಂತ ಕೇಳಿ, ಹೌದು ಅಂದಾಗ ಅವರು ಹೀಗಂದರೆ, ಮುಗಿಸದೆ ಇನ್ನೇನು ಮತ್ತೆ ಅಂತ ಅರ್ಥ. ಇದೇ ಜಾಗದಲ್ಲಿ ಹಳೇ ಕಾಲದ ಬ್ರಿಟಿಷರು 'ಐ ಶುಡ್ ಥಿಂಕ್ ಸೋ' ಅನ್ನುವುದೂ ಉಂಟು. ಅಲ್ಲಿ ಶುಡ್ ಅಂದರೆ ಮಾಡಬೇಕು ಅಂತಲ್ಲ, ವುಡ್‌ನ ಜಾಗದಲ್ಲಿ ಕೂತಿದೆ. ನಮ್ಮ ಮಕ್ಕಳು ಅದನ್ನು 'ನಾನು ಯೋಚನೆ ಮಾಡಬೇಕು' ಅಂತ ಅನುವಾದ ಮಾಡುತ್ತಿದ್ದರು. ತಪ್ಪು ಅಂತ ಗೀಟು ಹಾಕುವಾಗ ನನಗೂ ಅಯ್ಯೋ ಅನ್ನಿಸುತ್ತಿತ್ತು. ತಪ್ಪು ಮಕ್ಕಳದ್ದಲ್ಲ.

ಹೈಸ್ಕೂಲ್ ವ್ಯಾಕರಣದಲ್ಲಿ 'ಸಂಭಾವನಾರ್ಥಕ' ಅಂತ ಓದಿದ್ದು ನೆನಪಿದೆಯಾ? ಮಳೆ ಬಂದೀತು, ಅವನು ಬಂದಾನು. ಪುಸ್ತಕದ ಕನ್ನಡ ಅಂತ ಬಿಟ್ಟುಬಿಟ್ಟಿದ್ದೇವೆ. ಆದರೆ ಮಗು ಮೆಟ್ಟಿಲ ಮೇಲೆ ಓಡಿದರೆ ಇವತ್ತಿಗೂ ಬಾಯಿಗೆ ಬರುವುದು "ಹುಷಾರು, ಬಿದ್ದೀಯ!" ಎಲ್ಲ ಹತ್ತಿರವೂ ಇದೆ. ಇಂಗ್ಲಿಷಿಗೆ ಬಂದಾಗ ಮಾತ್ರ ನಮ್ಮದನ್ನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಹೋಗುತ್ತೇವೆ.


ಕೋಡ್ ಕುಟ್ಟುವವನು:

ಮೇಷ್ಟ್ರೇ, ಕವಿತೆಗೆ ವುಡ್ ಒಪ್ಪಿದೆ. ಕೋಡಿಗೆ ಇಲ್ಲ.


ತಿಪಟೂರಿನವಳು:

ಎಂಟು ದಿನ ಆದ ಮೇಲೆ ಬಂದಿದ್ದೇನೆ. ತಿಂಗಳ ಕೊನೆ, ಉಸಿರಾಡಲು ಪುರುಸೊತ್ತು ಇರಲಿಲ್ಲ.

ಮೊನ್ನೆ ಮತ್ತೆ ಒಂದು ಜೋಡಿ ಬಿಲ್ಲು ಸಿಕ್ಕಿತು. ಈ ಸಲ 1,275 ಪೌಂಡ್. ಮೊದಲಿನ ಹಾಗೇ, ಒಂದರಲ್ಲಿ ಅಡ್ಡಗೆರೆ ಇದೆ, ಇನ್ನೊಂದರಲ್ಲಿ ಇಲ್ಲ. ಮೇಲ್ ಬರೆಯಲು ಕೂತೆ. ಬೆರಳು ತಾನಾಗಿಯೇ 'ಐ ವುಡ್ ಫೀಲ್' ಅಂತ ಹೊಡೆಯಿತು. ಅಳಿಸಿದೆ. ಆಮೇಲೆ ಬರೆದದ್ದು ಎರಡೇ ಸಾಲು: 'ದೀಸ್ ಟೂ ಇನ್‌ವಾಯ್ಸಸ್ ಆರ್ ದಿ ಸೇಮ್ ಬಿಲ್, ಎಂಟರ್ಡ್ ಟ್ವೈಸ್. ಐ ವುಡ್ ಸಜೆಸ್ಟ್ ಹೋಲ್ಡಿಂಗ್ ದಿ ಸೆಕೆಂಡ್ ಪೇಮೆಂಟ್ ಟುಡೇ.' ಮೊದಲ ಸಾಲಿಗೆ ವುಡ್ ಇಲ್ಲ, ಎರಡನೆಯದಕ್ಕೆ ಒಂದೇ ಒಂದು. ಟುಡೇ ಅನ್ನುವುದನ್ನು ನಾಲ್ಕು ಸಲ ಹಾಕಿ ನಾಲ್ಕು ಸಲ ತೆಗೆದೆ. ಕೊನೆಗೆ ಏರ್‌ಪೋರ್ಟಿನವರನ್ನು ನೆನೆಸಿಕೊಂಡು ಹಾಗೇ ಬಿಟ್ಟೆ. ಕಳಿಸುವ ಬಟನ್ ಒತ್ತುವಾಗ ಎದೆ ಢವಢವ ಅಂತಿತ್ತು, ಜಂಬ ಮಾಡಿದ ಹಾಗೆ ಕಾಣುತ್ತದೇನೋ ಅಂತ.

ಇಪ್ಪತ್ತು ನಿಮಿಷದಲ್ಲಿ ಪೇಮೆಂಟ್ ನಿಲ್ಲಿಸಿದರು. ಟೀಮ್ ಲೀಡ್ ಏನೂ ಹೇಳಲಿಲ್ಲ, ಹೋಗುತ್ತಾ ನನ್ನ ಮೇಜಿನ ಮೇಲೆ ಒಂದು ಚಿಕ್ಕಿ ಇಟ್ಟು ಹೋದರು.

ಅದೇ ಧೈರ್ಯದಲ್ಲಿ ಇನ್ನೊಂದು ಮೇಲ್ ಹಾಕಿದೆ. ಈ ಅಡ್ಡಗೆರೆ ಸಮಸ್ಯೆಗೆ ಸಿಸ್ಟಮ್ಮಿನಲ್ಲೇ ಒಂದು ಚೆಕ್ ಹಾಕಿಸಿಬಿಡೋಣ ಅಂತ. ಅದು ನನ್ನ ಅಭಿಪ್ರಾಯ ತಾನೇ, ಅದಕ್ಕೆ 'ಐ ವುಡ್ ಸೇ' ಅಂತ ಶುರು ಮಾಡಿದ್ದೆ. ಕ್ಲೈಂಟ್ ಮೇಡಂ ಉತ್ತರ ಈಗಷ್ಟೇ ಬಂತು. ಇಂದಿರಾನಗರ ಸ್ಟೇಷನ್ ದಾಟಿದೆ, ನಿಂತುಕೊಂಡೇ ಓದುತ್ತಿದ್ದೇನೆ. 'ಐ ವುಡ್ ಅಗ್ರೀ' ಅಂತ ಶುರುವಾಗಿದೆ.

ಮೇಷ್ಟ್ರೇ, ಒಪ್ಪಿದ್ದಾರೋ ಇಲ್ಲವೋ?


ಬಸವನಗುಡಿ ಮೇಷ್ಟ್ರು:

ಮುಂದಿನ ವಾಕ್ಯ 'ಬಟ್' ಅಂತ ಶುರುವಾಗುತ್ತದಾ ನೋಡಿ.


ತಿಪಟೂರಿನವಳು:

ಬಟ್ ಇಲ್ಲ ಸರ್. 'ದೋ' ಇದೆ.


ಬಸವನಗುಡಿ ಮೇಷ್ಟ್ರು:

ಅದೂ ಅದೇ. ಪೂರ್ತಿ ಓದಿ ಇಲ್ಲಿ ಹಾಕಿ, ನೋಡೋಣ.